ಫಾಂಟ್ ತೆಗೆಯುವ ಮುಂಚೆ ಹಳೆಯ ಫೈಲುಗಳ ಕಡೆ ನೋಡಿ

ಬೇಡದ ಫಾಂಟ್ ತೆಗೆದರೆ ಕಂಪ್ಯೂಟರ್ ಹಗುರವಾಗುತ್ತದೆ ಎಂದು ಹೇಳುವವರು ಬಹಳ ಜನ. ಸುಮ್ನೆ ಹೇಳುವ ಮಾತು ಅದು. ಒಂದು ಸಾಧಾರಣ ಫಾಂಟ್ ಫೈಲ್ ಎಂದರೆ ನೂರು, ಇನ್ನೂರು ಕೆಬಿ. ಫೋನಿನಲ್ಲಿ ತೆಗೆದ ಒಂದು ಫೋಟೋ ಹಿಡಿಯುವ ಜಾಗದಲ್ಲಿ ಇಂಥವು ಹತ್ತಿಪ್ಪತ್ತು ಕೂರುತ್ತವೆ. ಚೀನಿ, ಜಪಾನಿ ಲಿಪಿಯವು ಮಾತ್ರ ಹತ್ತಾರು ಎಂಬಿ ಇರುತ್ತವೆ, ಅವರದ್ದು ಸಾವಿರಾರು ಅಕ್ಷರ ಅಲ್ವಾ. ಜಾಗದ ಆಸೆಗೆ ಫಾಂಟ್ ತೆಗೆಯಲು ಕೂತರೆ ಸಿಗುವುದು ಅಷ್ಟಕ್ಕಷ್ಟೆ.

ತೊಂದರೆ ಇರುವುದು ಬೇರೆ ಕಡೆ. ನಮ್ಮ ಮನೆಯ ಕಂಪ್ಯೂಟರ್‌ನಲ್ಲಿ ಕಾರ್ಡು, ಕರಪತ್ರ ವಿನ್ಯಾಸ ಮಾಡುವ ಕೋರೆಲ್‌ಡ್ರಾ ತೆರೆದು ಫಾಂಟ್ ಪಟ್ಟಿ ಒತ್ತಿದರೆ ಅದು ಮುಗಿಯುವುದೇ ಇಲ್ಲ. ಪ್ರತಿ ಹೆಸರನ್ನೂ ಅದರದ್ದೇ ಅಕ್ಷರದಲ್ಲಿ ಬರೆದು ತೋರಿಸಬೇಕಲ್ಲ, ಅದಕ್ಕೆ ಪಟ್ಟಿ ಒಂದೊಂದು ಸಲ ನಿಂತೇ ಬಿಡುತ್ತದೆ. ‘ನುಡಿ 01 ಇ’ ಎಂಬ ಕನ್ನಡ ಫಾಂಟ್ ಬೇಕು ಎಂದು ಇಳಿಯುತ್ತಾ ಹೋದರೆ ಕೈ ಜಾರಿ ‘ನುಡಿ 01 ಕೆ’ ಮೇಲೆ ನಿಲ್ಲುತ್ತದೆ. ಎರಡು ಗೆರೆಯ ನಾಮಕರಣದ ಕಾರ್ಡಿಗೆ ಫಾಂಟ್ ಹುಡುಕುವುದರಲ್ಲೇ ಅರ್ಧ ಹೊತ್ತು ಹೋಗುತ್ತದೆ. ಪಟ್ಟಿ ಚಿಕ್ಕದಾಗಲಿ ಎಂದು ನಾನು ಈ ಕೆಲಸಕ್ಕೆ ಕೈ ಹಾಕಿದ್ದು, ಜಾಗ ಉಳಿಯಲಿ ಎಂದಲ್ಲ.

ಇಷ್ಟೊಂದು ಫಾಂಟ್ ಎಲ್ಲಿಂದ ಬಂದವು ಎಂದರೆ, ಮನೆಯಲ್ಲಿ ಯಾರ್ಯಾರು ಆ ಕುರ್ಚಿಯಲ್ಲಿ ಕೂತಿದ್ದರು ಎಂದು ಹೇಳಬೇಕಾಗುತ್ತದೆ. ಕುವೆಂಪುನಗರದ ಈ ಮನೆಯ ಮುಂದಿನ ಕೋಣೆಯಲ್ಲಿ ನಾನು ಬಹಳ ವರ್ಷ ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಟೈಪ್ ಮಾಡಿ ಪುಟ ಜೋಡಿಸುವ ಕೆಲಸ, ಮಾಡುತ್ತಿದ್ದೆ. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿ ಹತ್ತಿರವೇ ಇದ್ದುದರಿಂದ ಎಂ.ಫಿಲ್., ಪಿಎಚ್.ಡಿ. ಮಾಡುವ ಮಕ್ಕಳು ಕೈಬರಹದ ಹಾಳೆ ಹಿಡಿದುಕೊಂಡು ಬರುತ್ತಿದ್ದರು. ಗೈಡ್ ಹಾಕಿದ ಕೆಂಪು ಗೀಟು, ಅಂಚಿನಲ್ಲಿ ಇವರು ಸೇರಿಸಿದ ಸಾಲು, ‘ಮೇಡಂ, ಇದು ಇಲ್ಲಿಂದ ಎತ್ತಿ ಅಲ್ಲಿಗೆ ಹಾಕಿ’ ಎಂಬ ಬಾಣದ ಗುರುತು. ಅದೆಲ್ಲ ನುಡಿ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನಲ್ಲಿ. ಮದುವೆ, ಗೃಹಪ್ರವೇಶ, ವೈಕುಂಠ ಸಮಾರಾಧನೆಯ ಕಾರ್ಡುಗಳೆಲ್ಲ ಶ್ರೀಲಿಪಿ ಎಂಬ ಇನ್ನೊಂದರಲ್ಲಿ. ಮೈದುನ ಊರಿಂದ ಕಳಿಸುತ್ತಿದ್ದ ಸಹಕಾರ ಸಂಘದ ವರದಿಗಳಿಗಾಗಿ ‘ಬರಹ’ ಎಂಬ ಮತ್ತೊಂದು ಸಾಫ್ಟ್‌ವೇರ್. ಮಗಳು ಹೈಸ್ಕೂಲಿಗೆ ಬಂದ ಮೇಲೆ ಅವಳ ಪ್ರಾಜೆಕ್ಟಿನ ಕಾಲ. ಅಕ್ಷರದ ಮೇಲೆ ಹಿಮ ಬಿದ್ದ ಹಾಗಿರುವುದು, ರಕ್ತ ಸೋರುವುದು, ಬಲೂನಿನ ಹಾಗೆ ಉಬ್ಬಿರುವುದು, ಎಲ್ಲ ಅವಳದ್ದೇ. ಕೊನೆಗೆ ಸಾಫ್ಟ್‌ವೇರ್‌ಗಳು ಕೇಳದೆಯೇ ತಂದು ಹಾಕಿದವು ಬೇರೆ.

ಕಂಪ್ಯೂಟರ್ ರಿಪೇರಿಗೆ ಬಂದ ಹುಡುಗ ಆ ಪಟ್ಟಿ ನೋಡಿ ನಕ್ಕ.

“ಏನ್ ಆಂಟಿ, ಇಷ್ಟೊಂದು ಫಾಂಟು? ಕಂಟ್ರೋಲ್ ಎ ಹೊಡ್ದು ಡಿಲೀಟ್ ಕೊಟ್ಬಿಡ್ಲಾ? ಸಿಸ್ಟಂದು ಹೋಗಲ್ಲ, ಅದೇ ಉಳ್ಕೊಳುತ್ತೆ. ಮಿಕ್ಕಿದ್ದು ಬೇಕಾದಾಗ ನೆಟ್ಟಲ್ಲಿ ಸಿಗುತ್ತೆ.”

“ಬೇಡ ಕಣಪ್ಪ, ಅದನ್ನ ನಾನೇ ನೋಡ್ಕೋತೀನಿ” ಎಂದೆ.

ಅವನು ಹೇಳಿದ್ದು ಇಂಗ್ಲಿಷಿನಲ್ಲಿ ಮಾತ್ರ ಕೆಲಸ ಮಾಡುವವರಿಗೆ ತಕ್ಕಮಟ್ಟಿಗೆ ಸರಿ. ನಮ್ಮಂಥವರಿಗೆ ಅಲ್ಲ. ಏಕೆ ಎನ್ನುವುದನ್ನು ಬಿಡಿಸಿ ಹೇಳುತ್ತೇನೆ. ಈ ಒಂದು ವಿಷಯ ಗೊತ್ತಿಲ್ಲದೆ ಫಾಂಟ್ ತೆಗೆದು, ಆಮೇಲೆ ಫೈಲ್ ಹಿಡಿದುಕೊಂಡು ನನ್ನ ಹತ್ತಿರ ಓಡಿ ಬಂದವರನ್ನು ಬೇಕಾದಷ್ಟು ನೋಡಿದ್ದೇನೆ.

ಇಂಗ್ಲಿಷ್ ಪತ್ರವೊಂದನ್ನು ಗ್ಯಾರಮಾಂಡ್ ಫಾಂಟಿನಲ್ಲಿ ಬರೆದಿದ್ದೀರಿ ಎನ್ನಿ. ಗ್ಯಾರಮಾಂಡ್ ತೆಗೆದುಬಿಟ್ಟರೆ ವರ್ಡ್ ಅದರ ಬದಲು ಇನ್ನೊಂದನ್ನು ಹಾಕಿಕೊಳ್ಳುತ್ತದೆ. ಗೆರೆ ಸ್ವಲ್ಪ ಆಚೀಚೆ ಆಗಬಹುದು, ಪುಟ ಒಂದು ಹೆಚ್ಚಾಗಬಹುದು. ಪತ್ರ ಮಾತ್ರ ಹಾಗೇ ಇರುತ್ತದೆ. ಅಂಗಿ ಬದಲಾಯಿಸಿದ ಹಾಗೆ, ಅಷ್ಟೆ. ಅದೇ ನುಡಿಯಲ್ಲಿ ಟೈಪ್ ಮಾಡಿದ ಥೀಸಿಸ್ ತೆಗೆದುಕೊಳ್ಳಿ. ನುಡಿ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅದನ್ನು ತೆರೆದರೆ ‘ಕನ್ನಡ’ ಎಂಬ ಪದ ಇದ್ದ ಜಾಗದಲ್ಲಿ ಏನು ಕಾಣುತ್ತದೆ ಗೊತ್ತಾ? ಮೊದಲು ಇಂಗ್ಲಿಷಿನ ದೊಡ್ಡ ಪಿ. ಅದರ ಪಕ್ಕ ತಲೆಯ ಮೇಲೆ ಓರೆ ಗೀಟು ಇರುವ ದೊಡ್ಡ ಎ. ಆಮೇಲೆ ಬ್ರಿಟಿಷರ ಪೌಂಡ್ ಚಿಹ್ನೆ. ಮತ್ತೆ ಅದೇ ಓರೆ ಗೀಟಿನ ಎ. ಆಮೇಲೆ ಜರ್ಮನ್ನರು ಬಳಸುವ, ಬೀಟಾ ಹಾಗೆ ಕಾಣುವ ಎಸ್. ಚಿಕ್ಕ ಕ್ಯೂ. ಕೊನೆಗೆ ಇನ್ನೊಮ್ಮೆ ಓರೆ ಗೀಟಿನ ಎ.

ನುಡಿ ಬಲ್ಲವರಿಗೆ ಇದರ ಲೆಕ್ಕ ಗೊತ್ತು. ಆ ಪಿ ಇದ್ದ ಮನೆಯಲ್ಲಿ ತಲೆಕಟ್ಟು ಇಲ್ಲದ ಕ ಕೂತಿದೆ. ಓರೆ ಗೀಟಿನ ಎ ಇದ್ದ ಕಡೆ ತಲೆಕಟ್ಟು. ಅದಕ್ಕೇ ‘ಕನ್ನಡ’ದಲ್ಲಿ ಅದು ಮೂರು ಸಲ ಬರುತ್ತದೆ, ಮೂರು ಅಕ್ಷರಕ್ಕೆ ಮೂರು ತಲೆಕಟ್ಟು. ಪೌಂಡಿನ ಜಾಗದಲ್ಲಿ ನ, ಜರ್ಮನ್ ಎಸ್ ಇದ್ದಲ್ಲಿ ನ ಒತ್ತು, ಕ್ಯೂ ಇದ್ದಲ್ಲಿ ಡ. ಫೈಲಿನ ಒಳಗೆ ಕನ್ನಡ ಇಲ್ಲವೇ ಇಲ್ಲ. ಇರುವುದು ಯುರೋಪಿನ ಅಕ್ಷರಗಳ ಸಂಕೇತಗಳು. ಅವನ್ನು ಕನ್ನಡದ ತುಂಡುಗಳಾಗಿ ತೋರಿಸುವುದು ಫಾಂಟ್ ಒಂದೇ. ಅದನ್ನು ತೆಗೆದರೆ ಹೋಗುವುದು ಬರವಣಿಗೆಯ ಚಂದ ಅಲ್ಲ, ಬರವಣಿಗೆಯೇ.

ಆ ಕಾಲದವರು ಹೀಗೇಕೆ ಮಾಡಿದರು ಎಂದು ಈಗಿನ ಮಕ್ಕಳು ಕೇಳುತ್ತಾರೆ. ಬೇರೆ ದಾರಿ ಇರಲಿಲ್ಲ. ಆಗಿನ ಫಾಂಟಿನಲ್ಲಿ ಇರುತ್ತಿದ್ದುದು 256 ಮನೆ. ಅದರಲ್ಲೂ ಬಳಸಲು ಆಗದವು ಬಹಳಷ್ಟು. ಕನ್ನಡದ 34 ವ್ಯಂಜನಕ್ಕೆ ಕಾಗುಣಿತ ಹಾಕಿ, ಒತ್ತಕ್ಷರ ಸೇರಿಸಿ ನೋಡಿ, ಅಷ್ಟರಲ್ಲಿ ಎಲ್ಲಿ ಹಿಡಿಸುತ್ತದೆ? ಅದಕ್ಕೇ ಅಕ್ಷರವನ್ನು ತುಂಡು ಮಾಡಿದರು. ತಲೆಕಟ್ಟು ಒಂದು ಕಡೆ, ಕೊಂಬು ಒಂದು ಕಡೆ, ಒತ್ತು ಒಂದು ಕಡೆ. ಕೀಲಿ ಒತ್ತಿದಾಗ ತುಂಡುಗಳು ಜೋಡಿಸಿಕೊಂಡು ಒಂದು ಅಕ್ಷರವಾಗುತ್ತಿದ್ದವು. ಅಷ್ಟು ಕಡಿಮೆ ಜಾಗದಲ್ಲಿ ಕನ್ನಡವನ್ನು ಹಿಡಿಸಿದ್ದು ಸಣ್ಣ ಕೆಲಸವೇನಲ್ಲ. ಶೇಷಾದ್ರಿ ವಾಸು ಅವರ ಬರಹ 1998ರಲ್ಲಿ ಬಂತು. ಕನ್ನಡ ಗಣಕ ಪರಿಷತ್ತಿನ ನುಡಿ ಸರ್ಕಾರಿ ಕಚೇರಿಗಳಿಗೆಲ್ಲ ಹೋಯಿತು. ಇವೆರಡೂ ಇಲ್ಲದಿದ್ದರೆ ನನ್ನಂಥವರು ಮನೆಯಲ್ಲಿ ಕೂತು ದುಡಿಯಲು ಆಗುತ್ತಲೇ ಇರಲಿಲ್ಲ.

ಹಾಗೆ ನೋಡಿದರೆ, ಒಂದೊಂದು ಲಿಪಿಯ ಅಕ್ಷರಕ್ಕೂ ಅದರದ್ದೇ ಸಂಕೇತ ಕೊಡುವ ಯೂನಿಕೋಡ್ ಆಗಲೇ ಇತ್ತು. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಕೊಟ್ಟಿದ್ದರು. ಆದರೆ ಪಟ್ಟಿಯಲ್ಲಿ ಜಾಗ ಸಿಕ್ಕ ಮಾತ್ರಕ್ಕೆ ಪರದೆಯ ಮೇಲೆ ಒತ್ತಕ್ಷರ ಸರಿಯಾಗಿ ಕೂರುವುದಿಲ್ಲ. ವಿಂಡೋಸ್‌ನಲ್ಲಿ ಅದು ಕೂತಿದ್ದು ಎಕ್ಸ್‌ಪಿ ಬಂದ ಮೇಲೆ, ತುಂಗಾ ಫಾಂಟಿನ ಜೊತೆ. ಅಷ್ಟು ಹೊತ್ತಿಗೆ ಪ್ರೆಸ್ಸುಗಳೆಲ್ಲ ಪುಟ ಜೋಡಿಸುವ ಪೇಜ್‌ಮೇಕರ್‌ಗೆ ಒಗ್ಗಿಹೋಗಿದ್ದವು. ಪೇಜ್‌ಮೇಕರ್‌ಗೆ ಯೂನಿಕೋಡ್ ಕನ್ನಡ ಕೊನೆಯವರೆಗೂ ಬರಲಿಲ್ಲ. ಹಾಗಾಗಿ ಮನೆಯ ಕಂಪ್ಯೂಟರ್‌ನಲ್ಲಿ ಯೂನಿಕೋಡ್ ಬಂದು ಎಷ್ಟೋ ವರ್ಷ ಆದಮೇಲೂ ನಾವು ನುಡಿಯಲ್ಲೇ ಟೈಪ್ ಮಾಡುತ್ತಾ ಹೋದೆವು. ಈಗಲೂ ಕೆಲವು ಕಾರ್ಡ್ ಅಂಗಡಿಗಳಲ್ಲಿ “ಮೇಡಂ, ಯೂನಿಕೋಡ್ ಬೇಡ, ನುಡೀಲಿ ಕೊಡಿ” ಎನ್ನುತ್ತಾರೆ. ಅವರ ಹಳೆಯ ಡಿಸೈನುಗಳೆಲ್ಲ ಅದರಲ್ಲೇ ಇವೆ.

ಆದ್ದರಿಂದ ಕನ್ನಡದ ಮನೆಯಲ್ಲಿ ಫಾಂಟ್ ತೆಗೆಯುವ ಕೆಲಸ ಫಾಂಟ್ ಫೋಲ್ಡರಿನಿಂದ ಶುರುವಾಗಬಾರದು. ಹಳೆಯ ಫೈಲುಗಳಿಂದ ಶುರುವಾಗಬೇಕು.

ನಾನು ಮೊದಲು ಮಾಡಿದ್ದು ಹುಡುಕಾಟ. ಹಳೆಯ ಹಾರ್ಡ್ ಡಿಸ್ಕ್, ಸಿಡಿ, ಪೆನ್‌ಡ್ರೈವ್ ಎಲ್ಲದರಲ್ಲೂ ವರ್ಡ್ ಫೈಲು, ಪೇಜ್‌ಮೇಕರ್ ಫೈಲು, ಕೋರೆಲ್ ಫೈಲು ಹುಡುಕಿ ಒಂದು ಕಡೆ ಸೇರಿಸಿದೆ. ಯಾವ ಫೈಲಿಗೆ ಯಾವ ಫಾಂಟ್ ಬೇಕು ಎಂದು ತಿಳಿಯಲು ಕಷ್ಟ ಇಲ್ಲ. ವರ್ಡಿನಲ್ಲಿ ಆ ಸಾಲಿನ ಮೇಲೆ ಕರ್ಸರ್ ಇಟ್ಟರೆ, ಫಾಂಟ್ ಇಲ್ಲದಿದ್ದರೂ ಮೇಲಿನ ಪೆಟ್ಟಿಗೆಯಲ್ಲಿ ಹೆಸರು ಉಳಿದಿರುತ್ತದೆ. ಆಪ್ಷನ್ಸ್ ಒಳಗೆ ಅಡ್ವಾನ್ಸ್ಡ್ ಎಂಬಲ್ಲಿ ‘ಫಾಂಟ್ ಸಬ್‌ಸ್ಟಿಟ್ಯೂಷನ್’ ಎಂಬ ಗುಂಡಿ ಇದೆ, ಅದನ್ನು ಒತ್ತಿದರೆ ಈ ಫೈಲಿಗೆ ಯಾವ ಫಾಂಟ್ ಸಿಗಲಿಲ್ಲ, ಅದರ ಬದಲು ಯಾವುದನ್ನು ಹಾಕಿದೆ ಎಂದು ತೋರಿಸುತ್ತದೆ. ಕೋರೆಲ್ ಆದರೆ ಫೈಲ್ ತೆರೆಯುವಾಗಲೇ, ಇಲ್ಲದ ಫಾಂಟಿನ ಬದಲು ಯಾವುದು ಹಾಕಲಿ ಎಂದು ಕೇಳುತ್ತದೆ. ಪೇಜ್‌ಮೇಕರ್ ಪ್ಯಾನೋಸ್ ಎಂದು ಬದಲಿ ಫಾಂಟುಗಳ ಒಂದು ಪಟ್ಟಿ ಮುಂದಿಡುತ್ತದೆ. ಅದರಲ್ಲಿ ಗಾಬರಿಯಾಗಿ ಓಕೆ ಒತ್ತಿ, ಆಮೇಲೆ ಸೇವ್ ಮಾಡಬೇಡಿ. ಮೊದಲು ಫಾಂಟಿನ ಹೆಸರು ಬರೆದುಕೊಳ್ಳಿ.

ಒಂದು ಸಮಾಧಾನದ ಸಂಗತಿ ಇದೆ. ನುಡಿ ಮತ್ತು ಬರಹದ ಆಮೇಲಿನ ಆವೃತ್ತಿಗಳ ಸಂಕೇತದ ಲೆಕ್ಕ ಒಂದೇ. ನುಡಿಯ ಒಂದು ಫಾಂಟ್ ಇಟ್ಟುಕೊಂಡರೆ ಮೈದುನನ ಸಹಕಾರ ಸಂಘದ ವರದಿಗಳೂ ಓದಲು ಬರುತ್ತವೆ. ಹಾಗಾಗಿ ಹತ್ತಾರು ನುಡಿ, ಹತ್ತಾರು ಬರಹ ಫಾಂಟ್ ಇಟ್ಟುಕೊಳ್ಳುವ ಅಗತ್ಯ ಇಲ್ಲ. ಶ್ರೀಲಿಪಿಯ ಲೆಕ್ಕ ಬೇರೆ, ಆಕೃತಿ ಎಂಬ ಇನ್ನೊಂದು ಕನ್ನಡ ಸಾಫ್ಟ್‌ವೇರಿನದ್ದು ಬೇರೆ. ಅವಕ್ಕೆ ಅವೇ ಬೇಕು. ಶ್ರೀಲಿಪಿ ವಿಷಯ ಬಂದಿದ್ದಕ್ಕೆ ಒಂದು ಮಾತು: ಅದು ಕಾಸು ಕೊಟ್ಟು ಕೊಳ್ಳುವ ಸಾಫ್ಟ್‌ವೇರ್, ಹಿಂದೆ ಕಂಪ್ಯೂಟರಿನ ಬೆನ್ನಿಗೆ ಡಾಂಗಲ್ ಎಂಬ, ಬೀಗದ ಕೈಯಂಥ ಪುಟ್ಟ ಸಾಧನ ಚುಚ್ಚಿದರೆ ಮಾತ್ರ ಓಡುತ್ತಿತ್ತು. ಆದರೂ ಅದರ ಫಾಂಟುಗಳು ಪೆನ್‌ಡ್ರೈವಿನಿಂದ ಪೆನ್‌ಡ್ರೈವಿಗೆ ಹಾರಿ ಊರೆಲ್ಲ ಹರಡಿದವು. ನಿಮ್ಮ ಪಟ್ಟಿಯಲ್ಲಿ ಅಂಥವು ಇದ್ದು, ಅದರಲ್ಲಿ ನಿಮ್ಮ ಫೈಲು ಒಂದೂ ಇಲ್ಲದಿದ್ದರೆ ಯೋಚನೆಯೇ ಬೇಡ, ತೆಗೆದುಬಿಡಿ.

ಆಮೇಲೆ ಪರಿವರ್ತನೆ. ನಿಜವಾದ ಕೆಲಸ ಇದೇ. ನುಡಿ ಫೈಲುಗಳನ್ನು ಯೂನಿಕೋಡಿಗೆ ಬದಲಾಯಿಸುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ನುಡಿ, ಬರಹಗಳ ಜೊತೆಗೇ ಒಂದೊಂದು ಬರುತ್ತದೆ. ಗುಬ್ಬಿ ಫಾಂಟ್ ಮಾಡಿದ ಅರವಿಂದ ವಿ.ಕೆ. ಅವರು ಬರೆದ ಪರಿವರ್ತಕವೂ ಇದೆ. ಒಂದು ಕಡೆ ಹಳೆಯದನ್ನು ಅಂಟಿಸಿದರೆ ಇನ್ನೊಂದು ಕಡೆ ಯೂನಿಕೋಡ್ ಬರುತ್ತದೆ. ಕಥೆ ಅಲ್ಲಿಗೆ ಮುಗಿದರೆ ಚೆನ್ನಾಗಿತ್ತು.

ಮುಗಿಯುವುದಿಲ್ಲ. ಥೀಸಿಸ್ ಎಂದ ಮೇಲೆ ನಡುನಡುವೆ ಇಂಗ್ಲಿಷ್ ಇದ್ದೇ ಇರುತ್ತದೆ. ಪುಸ್ತಕದ ಹೆಸರು, ಲೇಖಕರ ಹೆಸರು, ಪದವಿ. ವರ್ಡಿನಲ್ಲಿ ಅವು ಟೈಮ್ಸ್ ಫಾಂಟಿನಲ್ಲಿ ಇದ್ದುದರಿಂದ ಸರಿಯಾಗಿ ಕಾಣುತ್ತಿದ್ದವು. ಪರಿವರ್ತಕದ ಪೆಟ್ಟಿಗೆಗೆ ಅಂಟಿಸಿದಾಗ ಫಾಂಟಿನ ಗುರುತು ಉದುರಿಹೋಗುತ್ತದೆ, ಬರೀ ಸಂಕೇತ ಉಳಿಯುತ್ತದೆ. ಯಾವುದು ನಿಜವಾದ ಇಂಗ್ಲಿಷ್, ಯಾವುದು ವೇಷ ಹಾಕಿದ ಕನ್ನಡ ಎಂದು ಅದಕ್ಕೆ ಹೇಗೆ ಗೊತ್ತಾಗಬೇಕು? ಇಂಗ್ಲಿಷಿನಲ್ಲಿ ‘ಎಂ.ಎ.’ ಎಂದು ಹಾಕಿದ್ದ ಕಡೆಯೆಲ್ಲ ‘ಒ.ಂ.’ ಎಂದು ಬಂದು ಕೂತಿತ್ತು. ನುಡಿಯಲ್ಲಿ ದೊಡ್ಡ ಎಂ ಎಂದರೆ ಒ, ದೊಡ್ಡ ಎ ಎಂದರೆ ಸೊನ್ನೆ. ಅದರ ಪಾಡಿಗೆ ಅದು ಸರಿಯಾಗೇ ಮಾಡಿದೆ! ಹಾಗಾಗಿ ಇಂಗ್ಲಿಷ್ ಜಾಸ್ತಿ ಇರುವ ಅಧ್ಯಾಯಗಳನ್ನು ಫಾಂಟ್ ನೋಡಿ ಬದಲಾಯಿಸುವ ಪರಿವರ್ತಕಕ್ಕೆ ಕೊಡಬೇಕು. ಇಲ್ಲವೇ ಇಂಗ್ಲಿಷ್ ತುಂಡುಗಳನ್ನು ಬಿಟ್ಟು ಕನ್ನಡದ ಪ್ಯಾರಾಗಳನ್ನು ಮಾತ್ರ ಒಂದೊಂದಾಗಿ ಎತ್ತಿಕೊಳ್ಳಬೇಕು.

ಇನ್ನೊಂದು ತೊಂದರೆ ಅಡಿಟಿಪ್ಪಣಿಯದ್ದು. ವರ್ಡಿನಲ್ಲಿ ಎಲ್ಲವನ್ನೂ ಆಯ್ದು ನಕಲು ಮಾಡಿ ಪರಿವರ್ತಕದ ಪೆಟ್ಟಿಗೆಗೆ ಹಾಕಿದರೆ ಮುಖ್ಯ ಬರಹ ಬರುತ್ತದೆ, ಪುಟದ ಕೆಳಗಿನ ಟಿಪ್ಪಣಿಗಳು ಬರುವುದಿಲ್ಲ. ಬರಲಿಲ್ಲ ಎಂದು ತಕ್ಷಣಕ್ಕೆ ಗೊತ್ತೂ ಆಗುವುದಿಲ್ಲ. ಸಂಶೋಧನೆ ಮಾಡಿದವರ ಜೀವ ಇರುವುದೇ ಅಲ್ಲಿ. ಕೋಷ್ಟಕಗಳೂ ಹಾಗೇ, ಕಂಬ ಕಂಬವಾಗಿ ಇದ್ದದ್ದು ಒಂದೇ ಸಾಲಾಗಿ ಬಿದ್ದುಕೊಂಡಿರುತ್ತದೆ. ಅಂಕಿಗಳು ಕನ್ನಡದವು ಆಗಬೇಕೋ ಇಂಗ್ಲಿಷಿನವೇ ಇರಬೇಕೋ ಎನ್ನುವುದನ್ನು ಮೊದಲೇ ತೀರ್ಮಾನ ಮಾಡಿಕೊಳ್ಳಿ.

ಭಜನಾ ಮಂಡಳಿಯ ಹಾಡಿನ ಪುಸ್ತಕದಲ್ಲಿ ಇಂಥ ರಗಳೆ ಇರಲಿಲ್ಲ, ಪೂರ್ತಿ ಕನ್ನಡ. ಅದನ್ನು ನಮ್ಮ ಬಡಾವಣೆಯ ಹೆಂಗಸರಿಗಾಗಿ ಬಹಳ ಹಿಂದೆ ಟೈಪ್ ಮಾಡಿದ್ದೆ. ಯೂನಿಕೋಡಿಗೆ ಬದಲಾಯಿಸಿ ದೊಡ್ಡ ಅಕ್ಷರದಲ್ಲಿ ಪರದೆಯ ಮೇಲೆ ಇಟ್ಟು, ಎದುರುಮನೆ ಅಕ್ಕನನ್ನು ಕರೆದೆ. ಅವರಿಗೆ ಅಷ್ಟೂ ಹಾಡು ಬಾಯಿಗೆ ಬರುತ್ತದೆ. ಓದುವುದಿಲ್ಲ, ಹಾಡಿಕೊಂಡೇ ಹೋಗುತ್ತಾರೆ. ಎಲ್ಲಿ ನಾಲಿಗೆ ತಡೆಯುತ್ತದೋ ಅಲ್ಲಿ ತಪ್ಪು. “ಇಲ್ಲೇನೋ ಅರ್ಕಾವತ್ತು ಹಿಂದುಮುಂದಾಗಿದೆ ನೋಡೇ” ಎಂದು ಬೆರಳಿಟ್ಟು ತೋರಿಸಿದರು. ನುಡಿಯಲ್ಲಿ ಅರ್ಕಾವತ್ತು ಅಕ್ಷರದ ಆಮೇಲೆ ಬರುವ ತುಂಡು. ಯೂನಿಕೋಡಿನಲ್ಲಿ ರ ಮೊದಲು ಬರಬೇಕು. ಪರಿವರ್ತಕ ಇದನ್ನು ಸಾಮಾನ್ಯವಾಗಿ ಸರಿ ಮಾಡಿಕೊಳ್ಳುತ್ತದೆ. ಆದರೆ ಟೈಪ್ ಮಾಡುವಾಗ ನಡುವೆ ಒಂದು ಖಾಲಿ ಜಾಗ ಬಿದ್ದಿದ್ದರೆ, ಅಥವಾ ಕೋರೆಲ್‌ನಲ್ಲಿ ಚೆಂದಕ್ಕೆಂದು ಒತ್ತನ್ನು ಕೈಯಿಂದ ಎಳೆದು ಕೂರಿಸಿದ್ದರೆ, ಅದು ಕಕ್ಕಾಬಿಕ್ಕಿ. ಅನುಸ್ವಾರದ ಜಾಗದಲ್ಲಿ ಅಂಕಿಯ ಸೊನ್ನೆ ಹಾಕುವ ಚಾಳಿ ಆಗ ಬಹಳ ಜನಕ್ಕೆ ಇತ್ತು. ಕಣ್ಣಿಗೆ ಎರಡೂ ಒಂದೇ. ಯೂನಿಕೋಡ್ ಆದಮೇಲೆ ಹುಡುಕಿದರೆ ಪದ ಸಿಗುವುದಿಲ್ಲ.

ಫೈಲುಗಳ ಕಥೆ ಒಂದು ಹಂತಕ್ಕೆ ಬಂದ ಮೇಲೆ ಫಾಂಟ್ ತೆಗೆಯುವುದು ನೀರು ಕುಡಿದಷ್ಟು ಸುಲಭ. ವಿಂಡೋಸ್ ಫೋಲ್ಡರಿನ ಒಳಗೆ ಫಾಂಟ್ಸ್ ಎಂದು ಒಂದು ಫೋಲ್ಡರ್ ಇದೆ. ಮೊದಲು ಅಲ್ಲಿಂದ ನಿಮಗೆ ಬೇಡ ಅನಿಸಿದ್ದನ್ನೆಲ್ಲ ಬೇರೊಂದು ಕಡೆಗೆ ನಕಲು ಮಾಡಿಟ್ಟುಕೊಳ್ಳಿ. ನಕಲು ಇದ್ದರೆ ಧೈರ್ಯ. ಈಗಿನ ವಿಂಡೋಸ್‌ನಲ್ಲಿ ಒಬ್ಬೊಬ್ಬರ ಖಾತೆಗೆ ಬೇರೆಯಾಗಿ ಹಾಕಿಕೊಂಡ ಫಾಂಟುಗಳು ಅವರವರ ಆ್ಯಪ್‌ಡೇಟಾ ಫೋಲ್ಡರಿನಲ್ಲಿ ಕೂರುತ್ತವೆ. ಹಾಗಾಗಿ ಮಗಳ ಹಿಮದ ಅಕ್ಷರಗಳು ನಾನು ಹುಡುಕಿದ ಫೋಲ್ಡರಿನಲ್ಲಿ ಪೂರ್ತಿ ಸಿಗಲಿಲ್ಲ, ಅವಳ ಖಾತೆಗೆ ಹೋಗಿ ಸೆಟ್ಟಿಂಗ್ಸ್‌ನಲ್ಲಿ ಪರ್ಸನಲೈಸೇಷನ್ ಒಳಗಿನ ಫಾಂಟ್ಸ್‌ನಿಂದ ತೆಗೆದೆ. ತೆಗೆಯುವಾಗ ‘ಬಳಕೆಯಲ್ಲಿದೆ’ ಎಂದು ಹಟ ಮಾಡಿದರೆ ವರ್ಡ್, ಕೋರೆಲ್ ಎಲ್ಲ ಮುಚ್ಚಿ. ಆಗಲೂ ಆಗದಿದ್ದರೆ ಒಂದು ಸಲ ರೀಸ್ಟಾರ್ಟ್.

ಪೂರ್ತಿ ತೆಗೆಯಲು ಮನಸ್ಸು ಬರದಿದ್ದರೆ ‘ಹೈಡ್’ ಎಂದು ಒಂದಿದೆ. ಫಾಂಟ್ ಇರುತ್ತದೆ, ಪಟ್ಟಿಯಲ್ಲಿ ಕಾಣುವುದಿಲ್ಲ. ಆದರೆ ಎಲ್ಲ ಸಾಫ್ಟ್‌ವೇರ್‌ಗಳೂ ಅದನ್ನು ಮನ್ನಿಸುವುದಿಲ್ಲ.

ಆ ಫೋಲ್ಡರಿನಲ್ಲಿ ಒಂದು ಕಂಬ ಇದೆ, ‘ಡಿಸೈನ್ಡ್ ಫಾರ್’ ಎಂದು. ಯಾವ ಲಿಪಿಗಾಗಿ ಮಾಡಿದ ಫಾಂಟ್ ಎಂದು ಅದು ಹೇಳುತ್ತದೆ. ತುಂಗಾದ ಮುಂದೆ ಕನ್ನಡ ಎಂದು ಇರುತ್ತದೆ. ನುಡಿಯ ಮುಂದೆ? ಲ್ಯಾಟಿನ್! ಅದು ಹೊರಗಿನಿಂದ ಇಂಗ್ಲಿಷ್ ಫಾಂಟ್ ಎಂದೇ ಹೇಳಿಕೊಳ್ಳುತ್ತದೆ. ಕನ್ನಡದವನ್ನು ಮಾತ್ರ ಬಿಟ್ಟು ಮಿಕ್ಕ ಲ್ಯಾಟಿನ್ ತೆಗೆದುಬಿಡೋಣ ಎಂದು ಈ ಕಂಬ ನಂಬಿ ಕೂತರೆ ಮೊದಲು ಹೋಗುವುದೇ ನುಡಿ. ಅನುಮಾನ ಇದ್ದರೆ ಫಾಂಟ್ ಮೇಲೆ ಎರಡು ಸಲ ಕ್ಲಿಕ್ ಮಾಡಿ. ಅಕ್ಷರದ ಮಾದರಿಗೆಂದು ವಿಂಡೋಸ್ ತೋರಿಸುವ, ನರಿ ನಾಯಿಯನ್ನು ಹಾರುವ ಇಂಗ್ಲಿಷ್ ವಾಕ್ಯ ಇರಬೇಕಾದ ಕಡೆ ಅರ್ಥವಿಲ್ಲದ ಕನ್ನಡದ ತುಂಡುಗಳು ಕಂಡರೆ ಅದು ಹಳೆಯ ಕಾಲದ ಫಾಂಟ್, ಕೈ ಹಚ್ಚಬೇಡಿ. ತಾರೀಖಿನ ಪ್ರಕಾರ ಜೋಡಿಸಿಕೊಂಡು ನೋಡುವುದು ನನಗೆ ಹೆಚ್ಚು ಅನುಕೂಲ ಅನಿಸಿತು. ಒಂದೇ ಸಿಡಿಯಿಂದ, ಒಂದೇ ಸಾಫ್ಟ್‌ವೇರಿನ ಜೊತೆ ಬಂದವು ಹೆಚ್ಚಾಗಿ ಒಟ್ಟಿಗೇ ಸಿಗುತ್ತವೆ.

ವಿಂಡೋಸ್ ಜೊತೆಗೇ ಬಂದವನ್ನು ಮುಟ್ಟಬೇಡಿ. ಸಿಗೋ ಯುಐ ಇಲ್ಲದಿದ್ದರೆ ಕಂಪ್ಯೂಟರಿನ ಮೆನುಗಳೇ ವಿಕಾರವಾಗುತ್ತವೆ. ವಿಂಡೋಸ್ 8ರಿಂದ ಬಂದ ನಿರ್ಮಲಾ ಯುಐ ಕನ್ನಡದ ಜೊತೆ ಭಾರತದ ಇನ್ನೂ ಎಷ್ಟೋ ಲಿಪಿಗಳನ್ನು ತೋರಿಸುತ್ತದೆ. ಬೇರೆ ಫಾಂಟಿನಲ್ಲಿ ಕನ್ನಡ ಇಲ್ಲದಾಗ ವಿಂಡೋಸ್ ಅದನ್ನೇ ಕರೆಯುತ್ತದೆ. ಹತ್ತು ಮತ್ತು ಹನ್ನೊಂದರಲ್ಲಿ ತುಂಗಾವನ್ನು ಮಾತ್ರ ಬೇರೆಯಾಗಿ ಇಟ್ಟಿದ್ದಾರೆ, ಆಪ್ಷನಲ್ ಫೀಚರ್ಸ್ ಒಳಗೆ ಬೇಕಾದರೆ ಹಾಕಿಕೊಳ್ಳಬಹುದು, ಬೇಡದಿದ್ದರೆ ತೆಗೆಯಬಹುದು. ಪೋಸ್ಟ್‌ಸ್ಕ್ರಿಪ್ಟ್ ಟೈಪ್ 1 ಎಂಬ ಹಳೆಯ ಬಗೆಯ ಫಾಂಟುಗಳಿದ್ದರೆ ಅವು ಸುಮ್ನೆ ಕೂತಿರುತ್ತವೆ. 2023ರ ಜನವರಿಯಿಂದ ಅಡೋಬಿಯವರು ಅವಕ್ಕೆ ಬೆಂಬಲ ಕೊಡುವುದನ್ನೇ ನಿಲ್ಲಿಸಿದ್ದಾರೆ. ಮ್ಯಾಕ್ ಇರುವವರಿಗೆ ಫಾಂಟ್ ಬುಕ್ ಇದೆ, ಒಂದೇ ಫಾಂಟ್ ಎರಡೆರಡು ಕಡೆ ಇದ್ದರೆ ಅದೇ ಹೇಳುತ್ತದೆ. ಲಿನಕ್ಸ್‌ನವರಿಗೆ ನಾನು ಹೇಳಿಕೊಡುವುದು ಏನೂ ಇಲ್ಲ, ಅವರೇ ನನಗೆ ಹೇಳಿಕೊಡುತ್ತಾರೆ.

ಏನು ಉಳಿಸಿಕೊಂಡೆ ಎಂದು ಕೇಳಿದರೆ, ಕನ್ನಡದಲ್ಲಿ ಬೆರಳೆಣಿಕೆಯಷ್ಟು. ಓದುವ ಪುಟಗಳಿಗೆ ನೋಟೊ ಸೆರಿಫ್ ಕನ್ನಡ. ಬಡಾವಣೆಯ ಗಣೇಶೋತ್ಸವದ ಕರಪತ್ರಕ್ಕೆ ಬಾಲೂ ತಮ್ಮ, ಅದರ ದುಂಡು ಅಕ್ಷರ ದೂರಕ್ಕೂ ಎದ್ದು ಕಾಣುತ್ತದೆ. ಅನೇಕ್ ಕನ್ನಡ ಒಂದೇ ಫೈಲಿನಲ್ಲಿ ತೆಳುವಿನಿಂದ ದಪ್ಪದವರೆಗೆ, ಕಿರಿದರಿಂದ ಅಗಲದವರೆಗೆ ಎಲ್ಲ ಕೊಡುತ್ತದೆ, ಹಾಗಾಗಿ ಪಟ್ಟಿಯಲ್ಲಿ ಹತ್ತು ಹೆಸರಿನ ಜಾಗದಲ್ಲಿ ಒಂದು ಸಾಕು. ತುಂಗಾ ನನಗೆ ಯಾವತ್ತೂ ಹಿಡಿಸಲಿಲ್ಲ. ಸಣ್ಣ ಸೈಜಿನಲ್ಲಿ ಒತ್ತು ಕಣ್ಣಿಗೆ ಚುಚ್ಚುತ್ತದೆ. ಇದು ನನ್ನ ಅಭಿಪ್ರಾಯ, ಜಗಳಕ್ಕೆ ಬರಬೇಡಿ. ನುಡಿ ಒಂದೆರಡು ಇವೆ. ಶ್ರೀಲಿಪಿ ಹಳೆಯ ಕಂಪ್ಯೂಟರ್‌ನಲ್ಲೇ ಇದೆ, ಡಾಂಗಲ್ ಸಮೇತ.

ಕಾರ್ಡುಗಳದ್ದು ಬೇರೆ ಲೆಕ್ಕ. ಪ್ರೆಸ್ಸಿಗೆ ಕಳಿಸುವಾಗ ‘ಕರ್ವ್ಸ್ ಮಾಡಿ ಕಳಿಸಿ’ ಎನ್ನುತ್ತಾರೆ. ಕರ್ವ್ಸ್ ಮಾಡಿದ ಮೇಲೆ ಅಕ್ಷರ ಬರೀ ಚಿತ್ರ, ಫಾಂಟ್ ಇಲ್ಲದ ಕಂಪ್ಯೂಟರಿನಲ್ಲೂ ಹಾಗೇ ಕಾಣುತ್ತದೆ. ಫಾಂಟಿನ ಚಿಂತೆ ತಪ್ಪಿತು, ನಿಜ. ಆದರೆ ರಾತ್ರಿ ಹತ್ತಕ್ಕೆ ಹುಡುಗನ ಅಪ್ಪ ಫೋನ್ ಮಾಡಿ, “ನಮ್ಮ ಭಾವನವರ ಹೆಸರಲ್ಲಿ ದೀರ್ಘ ಬಿಟ್ಟೋಗಿದೆ ಮೇಡಂ” ಎಂದರೆ ಆ ಫೈಲಿನಲ್ಲಿ ತಿದ್ದಲು ಆಗುವುದಿಲ್ಲ. ಕರ್ವ್ಸ್ ಮಾಡದ ಪ್ರತಿಯೂ, ಅದರ ಫಾಂಟೂ ಮದುವೆ ಮುಗಿಯುವ ತನಕ ಇರಲೇಬೇಕು. ಮದುವೆ ಮುಗಿದ ಹಳೆಯ ಕಾರ್ಡುಗಳನ್ನೆಲ್ಲ ನಾನು ಯೂನಿಕೋಡ್ ಮಾಡಲು ಹೋಗಲಿಲ್ಲ. ಪಿಡಿಎಫ್ ಮಾಡಿಟ್ಟೆ. ಪಿಡಿಎಫ್‌ನೊಳಗೆ ಫಾಂಟ್ ಅಡಕವಾಗಿ ಹೋಗುವುದರಿಂದ ನೋಡಲು ತೊಂದರೆಯಿಲ್ಲ. ಅದರಿಂದ ಅಕ್ಷರ ನಕಲು ಮಾಡಿದರೆ ಮಾತ್ರ ಮತ್ತೆ ಅದೇ ಪಿ, ಪೌಂಡು, ಜರ್ಮನ್ ಎಸ್.

ಬಾಕಿ ಇರುವುದು ಪೇಜ್‌ಮೇಕರ್ ಫೈಲುಗಳು. ಹೊಸ ಕಂಪ್ಯೂಟರ್‌ನಲ್ಲಿ ಪೇಜ್‌ಮೇಕರ್ ತಕರಾರು ಮಾಡುತ್ತದೆ. ಹಾಗಾಗಿ ಎಕ್ಸ್‌ಪಿ ಇರುವ ಹಳೆಯ ಡಬ್ಬವನ್ನು ಇನ್ನೂ ಗುಜರಿಗೆ ಹಾಕಿಲ್ಲ. ಎಲ್ಲರ ಥೀಸಿಸ್ಸೂ ಮಾಡುತ್ತಾ ಕೂರಲು ನನ್ನಿಂದ ಆಗದು. ಯಾರು ಕೇಳುತ್ತಾರೋ ಅವರದ್ದು ಮೊದಲು. ಮಂಡ್ಯದ ಕಾಲೇಜೊಂದರಲ್ಲಿ ಈಗ ಪಾಠ ಮಾಡುವ ಒಬ್ಬರು ಈಚೆಗೆ ಫೋನ್ ಮಾಡಿದ್ದರು.

“ಮೇಡಂ, ನನ್ ಥೀಸಿಸ್ ಸಾಫ್ಟ್ ಕಾಪಿ ನಿಮ್ಮತ್ರ ಇದ್ಯಾ? ಪುಸ್ತಕ ಮಾಡೋಣ ಅಂತಿದೀನಿ. ನನ್ನ ಸಿಡಿ ಓದ್ತಾನೇ ಇಲ್ಲ.”

ಇತ್ತು. ಯೂನಿಕೋಡ್ ಮಾಡಿ, ಕೋಷ್ಟಕಗಳನ್ನು ಮತ್ತೆ ಜೋಡಿಸಿ, ಪಿಡಿಎಫ್ ಒಂದು, ವರ್ಡ್ ಫೈಲ್ ಒಂದು ಕಳಿಸಿದೆ. ಸಂಜೆ ಮತ್ತೆ ಫೋನ್ ಬಂತು.

“ತೆರೀತು ಮೇಡಂ, ತುಂಬಾ ಥ್ಯಾಂಕ್ಸ್. ಇದಕ್ಕೆ ಯಾವ ಫಾಂಟ್ ಹಾಕ್ಕೋಬೇಕು?”

“ಯಾವ್ದು ಇಷ್ಟವೋ ಅದು ಹಾಕ್ಕೊಳ್ಳಿ ಸರ್. ಅಡಿಟಿಪ್ಪಣಿ ಮಾತ್ರ ನಿಮ್ ಬೈಂಡಿಂಗ್ ಕಾಪಿ ಇಟ್ಕೊಂಡು ಒಂದ್ಸಲ ತಾಳೆ ನೋಡ್ಬಿಡಿ. ಮೂರನೇ ಅಧ್ಯಾಯದಲ್ಲಿ ಒಂದೆರಡು ಕಡೆ ನಂಗೂ ಅನುಮಾನ ಇದೆ.”